ಅರೆವಾಹಕ ಯುಗದ ಆದ್ಯ ಶಿಲ್ಪಿ ಜ್ಯಾಕ್ ಕಿಲ್ಬಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹಾಪುರುಷರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿದ್ದವರು ಬಹುಶಃ ಬಸವಣ್ಣನವರೋ ಸರ್ ಎಂ. ವಿಶ್ವೇಶ್ವರಯ್ಯನವರೋ ಇರಬೇಕು. ಆ ಮಹನೀಯರ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುವರು. ನಾನು ಆರಿಸಿಕೊಂಡ ವ್ಯಕ್ತಿ ಲೋಕಪ್ರಸಿದ್ಧರೇ ಆದರೂ ನಮ್ಮ ವಲಾಂಡಿ, ದೇವಣಿ, ಉದಗೀರ, ನಿಲಂಗಾ ಸೀಮೆಯಲ್ಲಿ ಅವರ ಹೆಸರನ್ನು ಕೇಳಿದವರು ವಿರಳ. ಆದರೆ ಅವರ ಕೈಕೆಲಸದ ಫಲ ಇಂದು ಈ ಸೀಮೆಯ ಪ್ರತಿಯೊಬ್ಬ ರೈತನ ಅಂಗಿಯ ಕಿಸೆಯಲ್ಲಿದೆ. ಅವರೇ ಜ್ಯಾಕ್ ಸೇಂಟ್ ಕ್ಲೇರ್ ಕಿಲ್ಬಿ. ಅಮೇರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅರೆವಾಹಕ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು.

ಇವರನ್ನೇ ಆರಿಸಿಕೊಳ್ಳಲು ಕಾರಣವೂ ಇದೆ. ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಮನೆಗೆ ಬಂದು ಕುಳಿತಾಗ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಮಗ ಅಥವಾ ಮಗಳು ಇಂಜಿನಿಯರಿಂಗ್ ಮುಗಿಸಿದ್ದಾಳೆ, ಬೆಂಗಳೂರಿನ ಚಿಪ್ ಕಂಪನಿಗೆ ಸಂದರ್ಶನಕ್ಕೆ ಹೋಗಬೇಕಾಗಿದೆ, ಅಲ್ಲಿ ಏನು ಕೇಳುವರು, ದೊಡ್ಡ ದೊಡ್ಡ ವಿದ್ಯಾಲಯಗಳಿಂದ ಬಂದವರ ನಡುವೆ ಗಡಿಯ ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ಸ್ಥಾನವಿದೆಯೇ, ಎಂಬುದೇ ಆ ಪ್ರಶ್ನೆ. ನಾನು ವಿದ್ಯುತ್ ಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಉಪಾಧ್ಯಾಯನಾದವನು. ಆದರೆ ಕಿಲ್ಬಿಯವರ ಜೀವನವನ್ನು ಓದಿದ ಮೇಲೆ, ಆ ಪ್ರಶ್ನೆಗೆ ಉಪದೇಶಕ್ಕಿಂತ ಈ ಚರಿತ್ರೆಯನ್ನು ಹೇಳುವುದೇ ಲೇಸೆಂದು ನನಗೆ ತೋರಿದೆ.

ಕಿಲ್ಬಿಯವರು 1923ರ ನವೆಂಬರ್ 8ರಂದು ಮಿಸೌರಿ ಸಂಸ್ಥಾನದ ಜೆಫರ್‌ಸನ್ ಸಿಟಿಯಲ್ಲಿ ಜನಿಸಿದರು. ಬೆಳೆದದ್ದು ಕ್ಯಾನ್ಸಾಸ್ ಸಂಸ್ಥಾನದ ಗ್ರೇಟ್ ಬೆಂಡ್ ಎಂಬ ಸಣ್ಣ ಪಟ್ಟಣದಲ್ಲಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲಗಳು. ನಮ್ಮಲ್ಲಿ ತೊಗರಿ, ಜೋಳ ಇದ್ದ ಹಾಗೆ. ತಂದೆ ಒಂದು ಚಿಕ್ಕ ವಿದ್ಯುತ್ ಕಂಪನಿಯನ್ನು ನಡೆಸುತ್ತಿದ್ದರು. ಆ ಕಂಪನಿಯ ಗ್ರಾಹಕರು ದೂರ ದೂರದ ಹಳ್ಳಿಗಳಲ್ಲಿ ಹರಡಿಕೊಂಡಿದ್ದರು. ಜ್ಯಾಕ್ ಪ್ರೌಢಶಾಲೆಯಲ್ಲಿದ್ದಾಗ ಒಮ್ಮೆ ಭಾರಿ ಹಿಮದ ಬಿರುಗಾಳಿ ಬೀಸಿ, ಬರ್ಫದ ಭಾರಕ್ಕೆ ವಿದ್ಯುತ್ ಕಂಬಗಳೂ ಟೆಲಿಫೋನಿನ ತಂತಿಗಳೂ ನೆಲಕ್ಕುರುಳಿದವು. ಎಲ್ಲಿ ಕತ್ತಲೆಯಾಗಿದೆ, ಯಾರಿಗೆ ಏನಾಗಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲದೆ ತಂದೆ ಹವ್ಯಾಸಿ ರೇಡಿಯೋ ಬಳಸುವವರ ಸಹಾಯವನ್ನು ಪಡೆದರು. ತಂತಿಯೇ ಇಲ್ಲದೆ, ಮನೆಯೊಂದರ ಮೂಲೆಯಲ್ಲಿ ಕುಳಿತವನೊಬ್ಬ ಹತ್ತಾರು ಮೈಲಿ ದೂರದ ಜನರ ಸುದ್ದಿಯನ್ನು ತಂದುಕೊಡುವುದನ್ನು ಆ ಹುಡುಗ ಕಣ್ಣಾರೆ ಕಂಡ. ಅವರ ಜೀವನದ ದಾರಿ ಅಲ್ಲಿಯೇ ನಿಶ್ಚಯವಾಯಿತು. ಸ್ವತಃ ರೇಡಿಯೋ ಕಟ್ಟಿ, ಪರವಾನಿಗೆ ಪಡೆದು, ಹವ್ಯಾಸಿ ಬಳಗದಲ್ಲಿ ಸೇರಿಕೊಂಡರು.

ಇನ್ನು ಪರೀಕ್ಷೆಯ ಕಥೆಗೆ ಬರುತ್ತೇನೆ. ಉಪಾಧ್ಯಾಯನಾದ ನನಗೆ ಈ ಚರಿತ್ರೆಯಲ್ಲಿ ಹೆಚ್ಚು ನಾಟಿದ ಭಾಗ ಇದು. ವಿದ್ಯುತ್ ಇಂಜಿನಿಯರ್ ಆಗಬೇಕೆಂಬ ಹುಡುಗನಿಗೆ ಆ ದೇಶದಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯವೇ ಕಾಶಿ. ಕಿಲ್ಬಿಯವರೂ ಅಲ್ಲಿಗೇ ಹೋಗಬೇಕೆಂದು 1941ರಲ್ಲಿ ಪ್ರವೇಶ ಪರೀಕ್ಷೆಗೆ ಕುಳಿತರು. ಉತ್ತೀರ್ಣರಾಗಲು 500 ಅಂಕ ಬೇಕಾಗಿತ್ತು. ಅವರಿಗೆ ದೊರೆತದ್ದು 497. ನಮ್ಮ ಪರೀಕ್ಷಾ ಮಂಡಳಿಗಳಲ್ಲಿ ಇಂತಹ ಪ್ರಸಂಗಕ್ಕೆಂದೇ ಕೃಪಾಂಕದ ಪದ್ಧತಿಯಿದೆ. ಅಲ್ಲಿ ಅದು ಇರಲಿಲ್ಲ. ಮೂರು ಅಂಕಗಳ ಕೊರತೆಯಿಂದ ಆ ಬಾಗಿಲು ಮುಚ್ಚಿತು. ನಾನು ಫಲಿತಾಂಶದ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತಾಗ, ಎರಡು ಮೂರು ಅಂಕಗಳಿಗಾಗಿ ಹೊರಗುಳಿದ ಮಕ್ಕಳ ಮುಖಗಳನ್ನು ಎಷ್ಟೋ ವರ್ಷ ನೋಡಿದವನು. ಅವರಲ್ಲಿ ಕೆಲವರು ಮರುದಿನವೇ ಪುಸ್ತಕಗಳನ್ನು ಅಟ್ಟಕ್ಕೆ ಎಸೆದು ಪುಣೆಗೋ ಮುಂಬಯಿಗೋ ಕೂಲಿಗೆ ಹೊರಟುಹೋದರು. ಕಿಲ್ಬಿಯವರು ತಮ್ಮ ತಂದೆತಾಯಿ ಓದಿದ ಇಲಿನಾಯ್ ವಿಶ್ವವಿದ್ಯಾಲಯವನ್ನು ಸೇರಿದರು. ಅದು ಅವರ ಮೊದಲ ಆಯ್ಕೆಯಲ್ಲ, ಎರಡನೆಯದು.

ಸೇರಿ ಕೆಲವೇ ತಿಂಗಳು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿಯಾಯಿತು. ಓದನ್ನು ನಡುವೆ ನಿಲ್ಲಿಸಿ ಅವರು ಸೈನ್ಯಕ್ಕೆ ಸೇರಬೇಕಾಯಿತು. ಸೈನ್ಯ ಅವರನ್ನು ಕಳಿಸಿದ್ದು ಎಲ್ಲಿಗೆಂದರೆ, ನಮ್ಮ ಹಿಂದೂಸ್ಥಾನಕ್ಕೆ! ದೇಶದ ಈಶಾನ್ಯ ಭಾಗದ ಒಂದು ಚಹಾ ತೋಟದಲ್ಲಿದ್ದ ಸೈನಿಕ ನೆಲೆಯಲ್ಲಿ ರೇಡಿಯೋ ದುರಸ್ತಿಯ ಕೆಲಸ. ಬರ್ಮಾದ ಕಾಡುಗಳಲ್ಲಿ ಜಪಾನಿ ಪಡೆಗಳ ಹಿಂದೆ ನುಗ್ಗಿ ಹೋರಾಡುವ ಸೈನಿಕರು ಬೆನ್ನ ಮೇಲೆ ರೇಡಿಯೋ ಯಂತ್ರಗಳನ್ನು ಹೊತ್ತುಕೊಂಡು ಬೆಟ್ಟ ಹತ್ತಬೇಕಾಗಿತ್ತು. ಆ ಯಂತ್ರಗಳು ಭಾರವಾದವು, ಕಾಡಿನ ತೇವಕ್ಕೆ ಬೇಗ ಕೆಡುವಂತಹವು. ಅವನ್ನು ಇನ್ನಷ್ಟು ಹಗುರ, ಇನ್ನಷ್ಟು ಚಿಕ್ಕದು ಮಾಡಲು ಸಾಧ್ಯವೇ ಎಂದು ಆ ದುರಸ್ತಿ ಶಾಲೆಯ ತರುಣರು ಪ್ರಯತ್ನಿಸುತ್ತಿದ್ದರು. ಸರಕಾರಿ ಬಿಡಿಭಾಗಗಳು ಸಾಲದೆ ಹೋದಾಗ ಕಲಕತ್ತೆಯ ಕಾಳಸಂತೆಗೆ ಹೋಗಿ ರೇಡಿಯೋ ಸಾಮಾನು ಕೊಂಡು ತರುವ ಕೆಲಸವೂ ಕಿಲ್ಬಿಯವರ ಪಾಲಿಗೆ ಬಂದಿತ್ತು. ಆರೂವರೆ ಅಡಿ ಎತ್ತರದ ಆ ತರುಣ ಕಲಕತ್ತೆಯ ಗಲ್ಲಿಗಳಲ್ಲಿ ಚೌಕಾಶಿ ಮಾಡುತ್ತಿದ್ದ ದೃಶ್ಯವನ್ನು ನೆನೆದರೆ ನನಗೆ ನಗು ಬರುತ್ತದೆ. ಯಂತ್ರವೊಂದರ ಗಾತ್ರ ಮತ್ತು ಭಾರ ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗಬಲ್ಲದು ಎಂಬುದು ಅವರಿಗೆ ನಮ್ಮ ನೆಲದಲ್ಲಿ ಅರ್ಥವಾಯಿತು ಎಂದು ಭಾವಿಸುವುದರಲ್ಲಿ ತಪ್ಪಿಲ್ಲ.

ಯುದ್ಧ ಮುಗಿದ ಮೇಲೆ ಮರಳಿ ಹೋಗಿ 1947ರಲ್ಲಿ ಪದವಿ ಪಡೆದರು. ಆಗ ಕಲಿಸುತ್ತಿದ್ದದ್ದೆಲ್ಲ ನಿರ್ವಾತ ನಳಿಕೆಗಳ ವಿದ್ಯೆ, ಅಂದರೆ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವುಗಳ ವಿದ್ಯೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರಿನ ಶೋಧವಾಯಿತು; ಮರುವರ್ಷ ಅದನ್ನು ಲೋಕಕ್ಕೆ ಪ್ರಕಟಿಸಿದರು. ನಾಲ್ಕು ವರ್ಷ ಕಲಿತ ವಿದ್ಯೆ ಪದವಿ ಕೈಗೆ ಬಂದ ಒಂದು ವರ್ಷದಲ್ಲಿ ಹಳತಾಯಿತು!

ಇಲ್ಲಿ ಅರೆವಾಹಕವೆಂದರೇನೆಂಬುದನ್ನು ನಮ್ಮ ಹಿರಿಯ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ತಾಮ್ರ, ಬೆಳ್ಳಿ ಮುಂತಾದವು ವಿದ್ಯುತ್ತನ್ನು ಹರಿಯಗೊಡುತ್ತವೆ, ಅವು ವಾಹಕಗಳು. ಗಾಜು, ರಬ್ಬರುಗಳು ತಡೆಯುತ್ತವೆ, ಅವು ಅವಾಹಕಗಳು. ಇವೆರಡರ ನಡುವಿನ ಸ್ವಭಾವದವು ಜರ್ಮೇನಿಯಂ ಮತ್ತು ಸಿಲಿಕಾನ್. ಇವುಗಳನ್ನು ಅತ್ಯಂತ ಶುದ್ಧಗೊಳಿಸಿ, ಆ ಬಳಿಕ ರಂಜಕವನ್ನೋ ಬೋರಾನನ್ನೋ ಕಣಮಾತ್ರ ಬೆರೆಸಿದರೆ, ವಿದ್ಯುತ್ತು ಎಷ್ಟು ಹರಿಯಬೇಕು, ಎತ್ತ ಹರಿಯಬೇಕು ಎಂಬುದನ್ನು ನಾವೇ ನಿಯಂತ್ರಿಸಬಹುದು. ಕಾಲುವೆಯ ತೂಬನ್ನು ಎತ್ತಿ ಇಳಿಸಿ ಹೊಲಕ್ಕೆ ನೀರು ಬಿಟ್ಟ ಹಾಗೆ. ಈ ತೂಬಿನ ಹೆಸರೇ ಟ್ರಾನ್ಸಿಸ್ಟರ್. ಸಿಲಿಕಾನ್ ಎಲ್ಲಿಯದೋ ಅಪರೂಪದ ವಸ್ತುವೂ ಅಲ್ಲ. ನಮ್ಮ ಮಾಂಜ್ರಾ ನದಿಯ ಉಸುಕಿನಲ್ಲಿಯೂ ಅದು ಪ್ರಾಣವಾಯುವಿನೊಡನೆ ಕೂಡಿಕೊಂಡು ಕುಳಿತಿದೆ. ನಾನು ಪ್ರೌಢಶಾಲೆಯಲ್ಲಿದ್ದ 1960ರ ದಶಕದಲ್ಲಿ ನಮ್ಮ ಕಡೆಯ ಮದುವೆಗಳಲ್ಲಿ ವರನಿಗೆ ಚರ್ಮದ ಚೀಲದ ರೇಡಿಯೋ ಕೊಡುವ ಪದ್ಧತಿ ಬಂತು. ರೇಡಿಯೋಕ್ಕೇ ಜನ ಟ್ರಾನ್ಸಿಸ್ಟರ್ ಎಂದು ಹೆಸರಿಟ್ಟರು. ಒಳಗಿದ್ದ ಆರೇಳು ಟ್ರಾನ್ಸಿಸ್ಟರುಗಳನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಕಿಲ್ಬಿಯವರಿಗೆ ಮೊದಲ ನೌಕರಿ ದೊರೆತದ್ದು ಮಿಲ್‌ವಾಕಿ ನಗರದ ಸೆಂಟ್ರಲ್ಯಾಬ್ ಎಂಬ ಸಂಸ್ಥೆಯಲ್ಲಿ. ರೇಡಿಯೋ, ಟೆಲಿವಿಜನ್, ಕಿವುಡರ ಶ್ರವಣ ಯಂತ್ರಗಳಿಗೆ ಬಿಡಿಭಾಗ ತಯಾರಿಸುವ ಕಾರಖಾನೆ ಅದು. ಹಗಲು ಕೆಲಸ, ಸಂಜೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತರಗತಿ. ಹೀಗೆ ಓದಿ 1950ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1952ರಲ್ಲಿ ಸೆಂಟ್ರಲ್ಯಾಬ್ ಟ್ರಾನ್ಸಿಸ್ಟರ್ ತಯಾರಿಸುವ ಪರವಾನಿಗೆಯನ್ನು ಕೊಂಡುಕೊಂಡಾಗ, ಆ ವಿದ್ಯೆಯನ್ನು ಕಲಿತು ಬರಲು ಬೆಲ್ ಪ್ರಯೋಗಾಲಯಕ್ಕೆ ಅವರನ್ನು ಕಳಿಸಿತು. ಹನ್ನೊಂದು ವರ್ಷ ಅವರು ಅಲ್ಲಿ ದುಡಿದರು. ಅದು ಹೆಸರುವಾಸಿ ಸಂಸ್ಥೆಯೇನೂ ಆಗಿರಲಿಲ್ಲ. ಆದರೆ ಒಂದು ವಸ್ತುವನ್ನು ಹೇಗೆ ಮಾಡುವುದೆಂಬುದರ ಜೊತೆಗೆ ಎಷ್ಟು ಕಾಸಿಗೆ ಮಾಡುವುದೆಂಬುದನ್ನೂ ಅವರು ಅಲ್ಲಿ ಕಲಿತರು. ಮುಂದೆ ಅವರ ಕೈಹಿಡಿದದ್ದು ಈ ಎರಡನೆಯ ಕಲಿಕೆ.

1958ರ ಸುಮಾರಿಗೆ ಅವರು ಬೇರೆ ಕೆಲಸ ಹುಡುಕಲು ಹೊರಟರು. ಆ ಕಾಲದ ವಿದ್ಯುನ್ಮಾನ ಶಾಸ್ತ್ರವನ್ನು ಕಾಡುತ್ತಿದ್ದ ಸಮಸ್ಯೆಯನ್ನು ಇಲ್ಲಿ ತಿಳಿಸಬೇಕು. 1946ರಲ್ಲಿ ಉದ್ಘಾಟನೆಯಾದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದು, ಅದರ ತೂಕ 30 ಟನ್ ಇತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಗಾತ್ರ ಕುಗ್ಗಿತು, ಆದರೆ ಬೆಸುಗೆ ಕುಗ್ಗಲಿಲ್ಲ. ಸಾವಿರಾರು ಟ್ರಾನ್ಸಿಸ್ಟರ್, ಸಾವಿರಾರು ರೋಧಕ, ಸಾವಿರಾರು ಧಾರಕಗಳನ್ನು ಒಂದೊಂದಾಗಿ ತಂತಿಯಿಂದ ಜೋಡಿಸಿ, ಒಂದೊಂದು ಕೀಲನ್ನೂ ಕೈಯಿಂದ ಬೆಸೆಯಬೇಕು. ಲಕ್ಷ ಬೆಸುಗೆಗಳಲ್ಲಿ ಒಂದು ಸಡಿಲವಾದರೂ ಯಂತ್ರ ನಿಂತಿತು. ಕಾಗದದ ಮೇಲೆ ಎಷ್ಟು ದೊಡ್ಡ ಯಂತ್ರವನ್ನಾದರೂ ಬರೆಯಬಹುದಾಗಿತ್ತು, ಕಟ್ಟುವುದು ಆಗುತ್ತಿರಲಿಲ್ಲ. ಸೆಂಟ್ರಲ್ಯಾಬಿನಂತಹ ಸಣ್ಣ ಸಂಸ್ಥೆಯ ಕೈಯಲ್ಲಿ ಇದನ್ನು ಬಿಡಿಸುವಷ್ಟು ಬಂಡವಾಳವಿಲ್ಲವೆಂದು ಕಿಲ್ಬಿಯವರು ಕಂಡುಕೊಂಡಿದ್ದರು.

ಆದ್ದರಿಂದ ಅವರು ಹಲವು ಕಂಪನಿಗಳಿಗೆ ಅರ್ಜಿ ಹಾಕಿಕೊಂಡರು. ಆಗ ಅವರಿಗೆ 34 ವರ್ಷ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆ ವಯಸ್ಸಿನ ಸಂಸಾರಸ್ಥನು ನಮ್ಮಲ್ಲಿಯಾದರೆ ಸಂಬಳವೆಷ್ಟು, ಬಡತಿ ಯಾವಾಗ ಎಂದು ಮೊದಲು ವಿಚಾರಿಸುತ್ತಾನೆ. ಅದರಲ್ಲಿ ದೋಷವೂ ಇಲ್ಲ. ಕಿಲ್ಬಿಯವರು ಮುಖ್ಯವಾಗಿ ನೋಡಿದ್ದು ಬೇರೊಂದನ್ನು. ಬಿಡಿಭಾಗಗಳನ್ನು ಕಿರಿದುಗೊಳಿಸುವ ಕೆಲಸವನ್ನು ತಾವು ಬಹುಪಾಲು ಪೂರ್ಣ ವೇಳೆ ಮಾಡಬಹುದೇ? ಅದಕ್ಕೆ ಒಪ್ಪಿದ್ದು ಡಲ್ಲಾಸ್ ನಗರದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಂದೇ. ಅವರನ್ನು ಆರಿಸಿಕೊಂಡವರು ವಿಲ್ಲಿಸ್ ಆಡ್‌ಕಾಕ್ ಎಂಬ ವಿಜ್ಞಾನಿ. ಇಂತಹುದೇ ಹುದ್ದೆ, ಇಂತಹುದೇ ಕರ್ತವ್ಯ ಎಂದು ಖಚಿತವಾಗಿ ಗೊತ್ತುಮಾಡದೆ, ಕಿರಿದುಗೊಳಿಸುವ ಕ್ಷೇತ್ರದಲ್ಲಿ ಕೆಲಸ ಮಾಡತಕ್ಕದ್ದು ಎಂಬಷ್ಟೇ ತಿಳಿವಳಿಕೆಯ ಮೇಲೆ ಅವರನ್ನು ಸೇರಿಸಿಕೊಂಡರು. ಸಂದರ್ಶನವೆಂದರೆ ಕುರ್ಚಿಯ ಒಂದೇ ಬದಿಯಿಂದ ಪ್ರಶ್ನೆ ಬರುವ ಪರೀಕ್ಷೆಯೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಕೇಳುವುದಕ್ಕೆ ತನ್ನಲ್ಲಿಯೂ ಒಂದು ಪ್ರಶ್ನೆಯನ್ನಿಟ್ಟುಕೊಂಡು ಹೋದವನ ಉದಾಹರಣೆ ಇದು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ವಿಚಿತ್ರ ಹುಟ್ಟಿನ ಸಂಸ್ಥೆ. 1930ರಲ್ಲಿ ಭೂಮಿಯೊಳಗಿನ ಎಣ್ಣೆಯನ್ನು ಹುಡುಕುವ ಕಂಪನಿಯಾಗಿ ಪ್ರಾರಂಭವಾಗಿ, 1951ರಲ್ಲಿ ಈ ಹೆಸರನ್ನು ತಳೆದು, 1954ರಲ್ಲಿ ಮೊಟ್ಟಮೊದಲು ಸಿಲಿಕಾನ್ ಟ್ರಾನ್ಸಿಸ್ಟರನ್ನು ಮಾರುಕಟ್ಟೆಗೆ ತಂದಿತ್ತು.

ಕಿಲ್ಬಿಯವರು ಅಲ್ಲಿಗೆ ಸೇರಿದ್ದು 1958ರ ಮೇ ತಿಂಗಳಲ್ಲಿ. ಕಂಪನಿ ಆಗ ಅಮೇರಿಕದ ಸೈನ್ಯಕ್ಕಾಗಿ ಮೈಕ್ರೋಮಾಡ್ಯೂಲ್ ಎಂಬ ಯೋಜನೆಯಲ್ಲಿ ತೊಡಗಿತ್ತು. ಎಲ್ಲ ಬಿಡಿಭಾಗಗಳನ್ನೂ ಒಂದೇ ಗಾತ್ರದ ಚಿಕ್ಕ ಬಿಲ್ಲೆಗಳ ಮೇಲೆ ಕೂರಿಸಿ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುವ ಉಪಾಯವದು. ಕಿಲ್ಬಿಯವರಿಗೆ ಅದು ರುಚಿಸಲಿಲ್ಲ. ಬಿಡಿಭಾಗಗಳ ಸಂಖ್ಯೆ ಕಡಿಮೆಯಾಗದಿದ್ದರೆ ಅಂದವಾಗಿ ಜೋಡಿಸಿದರೇನು ಪ್ರಯೋಜನ? ತಾವೇ ಬೇರೊಂದು ಬಗೆಯ ಜೋಡಣೆಯನ್ನು ಮಾಡಿನೋಡಿ, ಅದರ ಖರ್ಚಿನ ಲೆಕ್ಕ ಹಾಕಿದರು. ಲೆಕ್ಕ ಬಹಳ ದುಬಾರಿಯಾಯಿತು. ಅರೆವಾಹಕ ಕಾರಖಾನೆಯ ಖರ್ಚುಗಳು ಸೆಂಟ್ರಲ್ಯಾಬಿನ ಖರ್ಚುಗಳಂತಲ್ಲ ಎಂದು ಆಗ ಅವರಿಗೆ ಹೊಳೆಯಿತು. ಇಂತಹ ಕಾರಖಾನೆಗೆ ಲಾಭದಿಂದ ಮಾಡಲು ಬರುವುದು ಒಂದೇ ವಸ್ತು, ಅದು ಅರೆವಾಹಕ. ಮಿಕ್ಕಿದ್ದೆಲ್ಲವನ್ನೂ ಬೇರೆಯವರೇ ಅಗ್ಗವಾಗಿ ಮಾಡುತ್ತಾರೆ.

ಜುಲೈ ಬಂತು. ಆ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಎಲ್ಲ ನೌಕರರಿಗೂ ಒಟ್ಟಿಗೆ ಎರಡು ವಾರ ರಜೆ ಕೊಡುವ ಪದ್ಧತಿ. ಹೊಸಬರಾದ ಕಿಲ್ಬಿಯವರ ಖಾತೆಯಲ್ಲಿ ರಜೆಯೇ ಜಮಾ ಆಗಿರಲಿಲ್ಲ. ಎಲ್ಲರೂ ಊರುಗಳಿಗೆ ಹೋದರು, ಖಾಲಿ ಪ್ರಯೋಗಾಲಯದಲ್ಲಿ ಇವರೊಬ್ಬರೇ ಉಳಿದರು. ಮನಸ್ಸಿನಲ್ಲಿ ಒಂದು ಅಂಜಿಕೆಯೂ ಇತ್ತು. ರಜೆ ಮುಗಿಯುವುದರೊಳಗೆ ಒಂದು ಒಳ್ಳೆಯ ವಿಚಾರವನ್ನು ಮುಂದಿಡದಿದ್ದರೆ ತಮ್ಮನ್ನೂ ಆ ಬಿಲ್ಲೆ ಪೇರಿಸುವ ಯೋಜನೆಗೆ ನೇಮಿಸುವುದು ನಿಶ್ಚಿತ. ಕೆಲಸಕ್ಕೆ ಸೇರಿ ಎರಡು ತಿಂಗಳು, ಕೈಯಲ್ಲಿ ಎರಡು ವಾರ.

ಅವರ ವಿಚಾರದ ಎಳೆ ಹೀಗೆ ಸಾಗಿತು. ಅರೆವಾಹಕ ಒಂದನ್ನೇ ಈ ಕಾರಖಾನೆ ಚೆನ್ನಾಗಿ ಮಾಡಬಲ್ಲದಾದರೆ, ಎಲ್ಲವನ್ನೂ ಅರೆವಾಹಕದಿಂದಲೇ ಮಾಡಿದರೆ ಹೇಗೆ? ಟ್ರಾನ್ಸಿಸ್ಟರ್ ಹೇಗೂ ಅದರಿಂದಲೇ ಆಗುತ್ತದೆ. ವಿದ್ಯುತ್ತನ್ನು ತಡೆಯುವ ರೋಧಕವನ್ನು ಇಂಗಾಲದಿಂದ ಮಾಡುವ ರೂಢಿ. ಅರೆವಾಹಕದ ಒಂದು ತುಂಡೂ ತಡೆಯಬಲ್ಲದು. ವಿದ್ಯುತ್ತನ್ನು ಸಂಗ್ರಹಿಸುವ ಧಾರಕವನ್ನು ಲೋಹದ ಹಾಳೆಗಳಿಂದ ಮಾಡುವ ರೂಢಿ. ಅರೆವಾಹಕದ ಎರಡು ಬಗೆಯ ಪದರಗಳ ಸಂಧಿಯೂ ಸಂಗ್ರಹಿಸಬಲ್ಲದು. ಬಿಡಿಬಿಡಿಯಾಗಿ ನೋಡಿದರೆ ಇವು ಕೆಳದರ್ಜೆಯ ರೋಧಕ, ಕೆಳದರ್ಜೆಯ ಧಾರಕಗಳೇ. ಬಲ್ಲವರಾರೂ ಅದಕ್ಕಾಗಿಯೇ ಆ ದಾರಿಗೆ ಹೋಗಿರಲಿಲ್ಲ. ಆದರೆ ಎಲ್ಲವೂ ಒಂದೇ ಪದಾರ್ಥದಿಂದ ಆಗುವುದಾದರೆ, ಎಲ್ಲವನ್ನೂ ಒಂದೇ ತುಂಡಿನಲ್ಲಿ, ಸ್ಥಳದಲ್ಲಿಯೇ, ಒಟ್ಟಿಗೆ ಮಾಡಬಹುದಲ್ಲವೇ? 1958ರ ಜುಲೈ 24ರಂದು ತಮ್ಮ ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲಿ ಕಿಲ್ಬಿಯವರು ಈ ವಿಚಾರವನ್ನು ಚಿತ್ರಸಮೇತ ಬರೆದಿಟ್ಟರು.

ನಮ್ಮ ಮರಾಠವಾಡೆಯವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಇಟ್ಟಿಗೆ, ಕಲ್ಲು, ತೊಲೆ, ಜಂತಿಗಳನ್ನು ತಂದು ಜೋಡಿಸಿ ಮನೆ ಕಟ್ಟುವುದು ಒಂದು ರೀತಿ. ನಮ್ಮ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಮಾಡಿದ್ದು ಇನ್ನೊಂದು ರೀತಿ. ಅಲ್ಲಿ ಕಂಬವನ್ನು ಚಾವಣಿಗೆ ಜೋಡಿಸಿಲ್ಲ, ಗೋಡೆಯನ್ನು ಅಡಿಪಾಯಕ್ಕೆ ಜೋಡಿಸಿಲ್ಲ. ಬೆಟ್ಟವೊಂದನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಹೋಗಿ ಎಲ್ಲವನ್ನೂ ಒಂದೇ ಶಿಲೆಯಿಂದ ಬಿಡಿಸಿದ್ದಾರೆ. ಸಂದಿಯೇ ಇಲ್ಲದ ಮೇಲೆ ಸಂದಿ ಸಡಿಲವಾಗುವುದೆಂತು? ಲಾತೂರ ಜಿಲ್ಲೆಯ ಖರೋಸಾ ಗುಹೆಗಳನ್ನು ಶಾಲೆಯ ಪ್ರವಾಸದಲ್ಲಿ ನೋಡಿದವರಿಗೂ ಇದು ನೆನಪಿರಬೇಕು. ಕಿಲ್ಬಿಯವರ ವಿಧಾನಕ್ಕೆ ಇಂಜಿನಿಯರುಗಳು ಇಟ್ಟ ಮಾನೋಲಿಥಿಕ್ ಎಂಬ ಗ್ರೀಕ್ ಮೂಲದ ಹೆಸರಿಗೆ ಅರ್ಥವೂ ಏಕಶಿಲೆ ಎಂದೇ.

ರಜೆಯಿಂದ ಮರಳಿದ ಆಡ್‌ಕಾಕ್ ಅವರಿಗೆ ಟಿಪ್ಪಣಿಯನ್ನು ತೋರಿಸಿದಾಗ ಅವರು ಕುತೂಹಲಪಟ್ಟರೂ ಕೂಡಲೇ ನಂಬಲಿಲ್ಲ. ರೋಧಕ, ಧಾರಕಗಳು ಅರೆವಾಹಕದಿಂದ ಆಗುತ್ತವೆಯೆಂಬುದನ್ನು ಮೊದಲು ಬಿಡಿಬಿಡಿಯಾಗಿ ಮಾಡಿ ತೋರಿಸಲು ತಿಳಿಸಿದರು. ಆಗಸ್ಟ್ 28ರಂದು ಕಿಲ್ಬಿಯವರು ಅದನ್ನು ತೋರಿಸಿದರು. ಅನಂತರ ಒಂದೇ ತುಂಡಿನ ಸರದಿ. ಕೈಗೆ ಸಿಕ್ಕ ಜರ್ಮೇನಿಯಂ ಚೂರೊಂದನ್ನು ತೆಗೆದುಕೊಂಡರು. ಉದ್ದ ಅರ್ಧ ಅಂಗುಲಕ್ಕಿಂತ ತುಸು ಕಡಿಮೆ, ಅಗಲ ಅಂಗುಲದ ಹದಿನಾರನೆಯ ಒಂದು ಭಾಗ. ಅದರಲ್ಲಿಯೇ ಟ್ರಾನ್ಸಿಸ್ಟರ್, ರೋಧಕ, ಧಾರಕಗಳನ್ನು ಮಾಡಿ, ನಡುನಡುವೆ ಕೂದಲಿನಂತಹ ಚಿನ್ನದ ತಂತಿಗಳಿಂದ ಸಂಪರ್ಕ ಕೊಟ್ಟು, ಗಾಜಿನ ಪಟ್ಟಿಯ ಮೇಲೆ ಅಂಟಿಸಿದರು. ನೋಡಲು ಅಂದವಿಲ್ಲ. ಚಿತ್ರವನ್ನು ನೋಡಿದವರಿಗೆ ಯಾರೋ ಹುಡುಗರು ಆಟಕ್ಕೆ ಮಾಡಿದ್ದೆಂದು ಅನ್ನಿಸಬಹುದು. 1958ರ ಸೆಪ್ಟೆಂಬರ್ 12ರಂದು ಕಂಪನಿಯ ಹಿರಿಯ ಅಧಿಕಾರಿಗಳ ಸಮಕ್ಷಮದಲ್ಲಿ ಅದಕ್ಕೆ ವಿದ್ಯುತ್ತು ಕೊಟ್ಟಾಗ, ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆಯ ಗೆರೆಯೊಂದು ಸಾಲಾಗಿ ಹರಿಯಿತು. ಲೋಕದ ಮೊದಲ ಸಂಯುಕ್ತ ಮಂಡಲ, ಇಂದು ಎಲ್ಲರೂ ಚಿಪ್ ಎಂದು ಕರೆಯುವ ವಸ್ತು, ಕೆಲಸ ಮಾಡಿತು. ಆಗ ನಮ್ಮ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ; ಬಹಳ ಹಳ್ಳಿಗಳಲ್ಲಿ ಕಂದೀಲೇ ದೀಪ.

1959ರ ಫೆಬ್ರುವರಿ 6ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಲಾಯಿತು. ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ರೇಡಿಯೋ ಇಂಜಿನಿಯರುಗಳ ಸಮ್ಮೇಳನದಲ್ಲಿ ಪ್ರಕಟಣೆಯೂ ಆಯಿತು. ಬಲ್ಲವರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ಒಳ್ಳೆಯ ರೋಧಕವಲ್ಲ, ಒಳ್ಳೆಯ ಧಾರಕವಲ್ಲ, ಹತ್ತರಲ್ಲಿ ಒಂಬತ್ತು ಕೆಟ್ಟುಹೋಗುವ ಈ ವಸ್ತುವನ್ನು ಯಾರು ಕೊಳ್ಳುವರು ಎಂಬ ಆಕ್ಷೇಪಣೆ ವರ್ಷಗಳ ಕಾಲ ನಡೆಯಿತು. 1960ರಲ್ಲಿ ಮಾರಾಟಕ್ಕೆ ಬಂದ ಮೊದಲ ಚಿಪ್ಪಿನ ಬೆಲೆ 450 ಡಾಲರ್. ಅಷ್ಟು ಕೊಟ್ಟು ಕೊಳ್ಳುವವರು ಕ್ಷಿಪಣಿ ಕಟ್ಟುವ ಸೈನ್ಯದವರಷ್ಟೇ.

ಇನ್ನೊಬ್ಬ ಮಹನೀಯರ ಹೆಸರನ್ನು ಹೇಳದಿದ್ದರೆ ಈ ಚರಿತ್ರೆ ಅನ್ಯಾಯವಾದೀತು. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿಯ ರಾಬರ್ಟ್ ನಾಯ್ಸ್ ಅವರಿಗೂ 1959ರ ಜನವರಿಯಲ್ಲಿ ಸ್ವತಂತ್ರವಾಗಿ ಇಂತಹುದೇ ವಿಚಾರ ಹೊಳೆಯಿತು. ಕಿಲ್ಬಿಯವರ ಚಿಪ್ಪಿನಲ್ಲಿ ಒಂದು ದೊಡ್ಡ ಕೊರತೆ ಉಳಿದಿತ್ತು. ಭಾಗಗಳೆಲ್ಲ ಒಂದೇ ಶಿಲೆಯಲ್ಲಿದ್ದರೂ ಅವುಗಳ ನಡುವೆ ಚಿನ್ನದ ತಂತಿಯನ್ನು ಕೈಯಿಂದಲೇ ಹಾಕಬೇಕಾಗಿತ್ತು. ತಮ್ಮ ಸಹೋದ್ಯೋಗಿ ಜೀನ್ ಹೋರ್ನಿಯವರು ಕಂಡುಹಿಡಿದಿದ್ದ ಸಮತಲ ವಿಧಾನವನ್ನು ಬಳಸಿ, ಸಿಲಿಕಾನಿನ ಮೇಲೆ ರಕ್ಷಣೆಯ ಪದರವೊಂದನ್ನು ಬೆಳೆಸಿ, ಅದರ ಮೇಲೆ ಅಲ್ಯುಮಿನಿಯಮ್ಮಿನ ಗೆರೆಗಳನ್ನು ಅಚ್ಚಿನಂತೆ ಮೂಡಿಸುವ ಉಪಾಯವನ್ನು ನಾಯ್ಸ್ ಹೇಳಿದರು. ಕಾರಖಾನೆಯಲ್ಲಿ ಲಕ್ಷಗಟ್ಟಲೆ ಚಿಪ್ ತಯಾರಾಗಲು ದಾರಿಯಾದದ್ದು ಇದರಿಂದ. ಯಾರು ಮೊದಲಿಗರೆಂಬ ವ್ಯಾಜ್ಯ ಹತ್ತು ವರ್ಷ ನಡೆಯಿತು. 1967ರಲ್ಲಿ ಪೇಟೆಂಟ್ ಮಂಡಳಿ ಕಿಲ್ಬಿಯವರ ಪರವಾಗಿ ತೀರ್ಪಿತ್ತರೆ, 1969ರಲ್ಲಿ ಮೇಲಿನ ನ್ಯಾಯಾಲಯ ನಾಯ್ಸ್ ಅವರ ಪರವಾಗಿ ತೀರ್ಪಿತ್ತಿತು. ನಮ್ಮ ಕಡೆ ಹೊಲದ ಬದುವಿನ ತಂಟೆ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವುದನ್ನು ಕಂಡ ನನಗೆ ಆಶ್ಚರ್ಯವಾದದ್ದು ಬೇರೆ ಸಂಗತಿ. ತೀರ್ಪು ಬರುವ ಮೊದಲೇ, 1966ರಲ್ಲಿ, ಎರಡೂ ಕಂಪನಿಗಳು ಒಬ್ಬರ ಹಕ್ಕನ್ನೊಬ್ಬರು ಮಾನ್ಯ ಮಾಡಿ ಒಪ್ಪಂದ ಮಾಡಿಕೊಂಡಿದ್ದವು. ಇಬ್ಬರೂ ಇಂಜಿನಿಯರುಗಳು ಕೊನೆಯವರೆಗೂ ಪರಸ್ಪರ ಗೌರವದಿಂದಲೇ ನಡೆದುಕೊಂಡರು. ಮೊದಲು ಮಾಡಿ ತೋರಿಸಿದವರು ಕಿಲ್ಬಿ, ಮಾಡಲು ಬರುವಂತೆ ಮಾಡಿದವರು ನಾಯ್ಸ್ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಇಬ್ಬರ ಹೆಸರನ್ನೂ ಕಲಿಸಬೇಕು.

ಚಿಪ್ಪನ್ನು ಸೈನ್ಯದಿಂದ ಜನಸಾಮಾನ್ಯರ ಕೈಗೆ ತರಲು ಕಂಪನಿಯ ಮುಖ್ಯಸ್ಥರಾದ ಪ್ಯಾಟ್ರಿಕ್ ಹ್ಯಾಗರ್ಟಿ 1965ರಲ್ಲಿ ಕಿಲ್ಬಿಯವರಿಗೆ ಹೊಸ ಕೆಲಸವೊಂದನ್ನು ಒಪ್ಪಿಸಿದರು. ಮೇಜಿನಷ್ಟು ಜಾಗ ಹಿಡಿಯುತ್ತಿದ್ದ ಲೆಕ್ಕದ ಯಂತ್ರವನ್ನು ಅಂಗೈಯಲ್ಲಿ ಹಿಡಿಯುವಂತೆ ಮಾಡಬೇಕು. ಜೆರ್ರಿ ಮೆರ್ರಿಮನ್, ಜೇಮ್ಸ್ ವ್ಯಾನ್ ಟ್ಯಾಸೆಲ್ ಎಂಬ ಇಬ್ಬರೊಡನೆ ಸೇರಿ 1967ರಲ್ಲಿ ಅವರು ಅದನ್ನೂ ಮಾಡಿದರು. ಕೂಡಿಸು, ಕಳೆ, ಗುಣಿಸು, ಭಾಗಿಸು. ಉತ್ತರ ಸಣ್ಣ ಕಾಗದದ ಪಟ್ಟಿಯ ಮೇಲೆ. ತೂಕ ಒಂದು ಕಿಲೋ ಮೀರಿತ್ತು. ಅದರ ಸಂತತಿಯೇ ಇಂದು ಸಂತೆಯ ಪ್ರತಿ ಅಂಗಡಿಯಲ್ಲಿರುವ ಕ್ಯಾಲ್ಕುಲೇಟರ್. ಕಾಲು ಮಗ್ಗಿ, ಅರೆ ಮಗ್ಗಿಗಳನ್ನು ಬಾಯಿಪಾಠ ಮಾಡಿಸಿದ ನನ್ನಂತಹ ಉಪಾಧ್ಯಾಯರಿಗೆ ಈ ಒಂದು ಶೋಧದ ಬಗ್ಗೆ ಮಾತ್ರ ಸ್ವಲ್ಪ ಅಸಮಾಧಾನವಿರುವುದನ್ನು ಓದುಗರು ಕ್ಷಮಿಸಬೇಕು. ಸೋಜಿಗವೆಂದರೆ, ಕಿಲ್ಬಿಯವರು ಸ್ವತಃ ತಮ್ಮ ಹಳೆಯ ಸ್ಲೈಡ್ ರೂಲನ್ನು ಬಿಡಲಿಲ್ಲ. ಮುಳ್ಳಿನ ಕೈಗಡಿಯಾರವನ್ನೇ ಕಟ್ಟುತ್ತಿದ್ದರು.

1970ರಲ್ಲಿ ಅವರು ಕಂಪನಿಯಿಂದ ರಜೆ ಪಡೆದು ಸ್ವತಂತ್ರ ಸಂಶೋಧಕರಾದರು. ಸೂರ್ಯನ ಬಿಸಿಲಿನಿಂದ ವಿದ್ಯುತ್ ಪಡೆಯುವ ಉಪಕರಣದ ಮೇಲೆ ಹಲವು ವರ್ಷ ದುಡಿದರು; ಅದು ಮಾರುಕಟ್ಟೆಗೆ ಬರಲಿಲ್ಲ. 1978ರಿಂದ 1984ರವರೆಗೆ ಟೆಕ್ಸಾಸ್ ಎ. ಅಂಡ್ ಎಂ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಹೆಸರಿನಲ್ಲಿ 60ಕ್ಕಿಂತ ಹೆಚ್ಚು ಪೇಟೆಂಟುಗಳಿವೆ. ಬಹಳ ಕಡಿಮೆ ಮಾತಿನ, ಸಾವಧಾನದ ಮನುಷ್ಯ. ತಮ್ಮನ್ನು ವಿಜ್ಞಾನಿಯೆಂದು ಕರೆದರೆ ಒಪ್ಪದೆ, ತಾವು ಇಂಜಿನಿಯರ್ ಎಂದು ತಿದ್ದುತ್ತಿದ್ದರಂತೆ. 2000ನೇ ಇಸವಿಯಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧ ಭಾಗ ಅವರಿಗೆ ಬಂತು. ಉಳಿದರ್ಧ ರಷ್ಯದ ಆಲ್ಫೆರೋವ್ ಮತ್ತು ಜರ್ಮನಿಯಲ್ಲಿ ಹುಟ್ಟಿದ ಕ್ರೋಮರ್ ಅವರಿಗೆ. ಶೋಧದಿಂದ ಸನ್ಮಾನದವರೆಗೆ 42 ವರ್ಷ. ಮೃತರಾದವರಿಗೆ ಆ ಪಾರಿತೋಷಕವನ್ನು ಕೊಡುವ ಪದ್ಧತಿಯಿಲ್ಲ. ನಾಯ್ಸ್ 1990ರಲ್ಲಿಯೇ ತೀರಿಕೊಂಡಿದ್ದರು. ಅವರು ಬದುಕಿದ್ದರೆ ಈ ಗೌರವವನ್ನು ತಮ್ಮೊಡನೆ ಹಂಚಿಕೊಳ್ಳುತ್ತಿದ್ದರೆಂದು ಕಿಲ್ಬಿಯವರು ಮರೆಯದೆ ತಿಳಿಸಿದರು. 2005ರ ಜೂನ್ 20ರಂದು ಡಲ್ಲಾಸಿನಲ್ಲಿ, 81ನೆಯ ವಯಸ್ಸಿನಲ್ಲಿ, ಅರ್ಬುದ ರೋಗದಿಂದ ಅವರು ನಿಧನರಾದರು.

ಆ ಕಂಪನಿಗೂ ಕನ್ನಡ ನಾಡಿಗೂ ಸಂಬಂಧ ಬೆಳೆದದ್ದು ಕಿಲ್ಬಿಯವರು ಬದುಕಿದ್ದಾಗಲೇ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಪ್ರಾರಂಭಿಸಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತು. ವಿದೇಶಿ ಕಂಪನಿಯೊಂದು ನಮ್ಮ ದೇಶದಲ್ಲಿ ಇಂತಹ ಕೇಂದ್ರವನ್ನು ತೆರೆದದ್ದು ಅದೇ ಮೊದಲು. ಉಪಗ್ರಹದ ಮೂಲಕ ಸಂಪರ್ಕಿಸುವ ದೊಡ್ಡ ಆಂಟೆನಾ ಆ ಕಚೇರಿಗೆ ಬಂದದ್ದು ಎತ್ತಿನ ಗಾಡಿಯ ಮೇಲೆ. ದೇವಣಿಯ ಎತ್ತುಗಳಿಗೆ ದೇಶದಲ್ಲೆಲ್ಲ ಹೆಸರಿರುವ ಸೀಮೆಯವರು ನಾವು. ಈ ಸಂಗತಿಯನ್ನು ಓದಿದಾಗ ನನಗಾದ ಸಂತೋಷವನ್ನು ಬೇರೆಯವರು ಅರಿಯಲಾರರು.

ನಮ್ಮ ಶಾಲೆಯಿಂದ ಹೋದ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಅರೆವಾಹಕ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದಾನೆ. ತನ್ನ ಹೆಸರನ್ನು ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಸಂದರ್ಶನದ ವಿವರವನ್ನು ಕೇಳಿದೆ. ಗುರುಗಳೇ, ಅವರು ಇಂಗ್ಲಿಷಿನ ಸೊಗಸನ್ನು ನೋಡಲಿಲ್ಲ ಎಂಬ ಅರ್ಥದಲ್ಲಿ ಹೇಳಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ನಾಲ್ವರು ಇಂಜಿನಿಯರುಗಳು ಬಂದು ಕುಳಿತರಂತೆ. ರೋಧಕ, ಧಾರಕಗಳ ಸಣ್ಣ ಮಂಡಲವೊಂದನ್ನು ಹಲಗೆಯ ಮೇಲೆ ಬರೆದು, ಇಲ್ಲಿ ವಿದ್ಯುತ್ತು ಏಕಾಏಕಿ ಏರಿದರೆ ಅಲ್ಲಿ ಏನಾಗುವುದೆಂದು ಕೇಳಿದರಂತೆ. ಉತ್ತರ ಬಂದ ಕೂಡಲೇ ಒಂದು ಭಾಗವನ್ನು ಬದಲಿಸಿ ಮತ್ತೆ ಕೇಳಿದರು. ಗೊತ್ತಿಲ್ಲದ ಕಡೆ ಸುಮ್ಮನೆ ಕುಳಿತುಕೊಳ್ಳದೆ, ಗೊತ್ತಿದ್ದದರಿಂದ ಹೊರಟು ಎಲ್ಲಿಯವರೆಗೆ ಹೋಗಬಲ್ಲನೆಂಬುದನ್ನೇ ಅವರು ನೋಡುತ್ತಿದ್ದಂತೆ ಅವನಿಗೆ ತೋರಿತು. ಕೆಲವು ಪದಗಳು ಇಂಗ್ಲಿಷಿನಲ್ಲಿ ಹೊಳೆಯದೆ ಹೋದಾಗ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ. ಮೊದಲ ಎರಡು ಕಂಪನಿಗಳಲ್ಲಿ ಆಯ್ಕೆಯಾಗದೆ ಮೂರನೆಯದರಲ್ಲಿ ಆದವನು ಅವನು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಆರು ತಿಂಗಳು ಬೇರೆಯವರು ಮಾಡಿದ ವಿನ್ಯಾಸದಲ್ಲಿ ದೋಷ ಹುಡುಕುವುದಷ್ಟೇ ಅವನ ಪಾಲಿನ ಕೆಲಸವಾಗಿತ್ತು. ಚಿಪ್ ಒಂದು ಸಲ ಕಾರಖಾನೆಗೆ ಹೋದರೆ ತಿದ್ದಲು ಬರುವುದಿಲ್ಲ, ಆದ್ದರಿಂದ ವಿನ್ಯಾಸ ಮಾಡುವವರಿಗಿಂತ ಪರೀಕ್ಷಿಸುವವರೇ ಹೆಚ್ಚು ಮಂದಿ ಇರುತ್ತಾರೆಂದು ವಿವರಿಸಿದ. ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಆಯುಷ್ಯ ಕಳೆದ ನನಗೆ ಆ ವೃತ್ತಿಯ ಬಗ್ಗೆ ಆತ್ಮೀಯತೆ ಹುಟ್ಟಿತು.

ಹೋಗುವಾಗ ಅವನು ಎರಡು ವಸ್ತುಗಳನ್ನು ಶಾಲೆಗೆಂದು ಕೊಟ್ಟು ಹೋದ. ಒಂದು, ಅವನ ಅಜ್ಜನ ಮನೆಯಲ್ಲಿದ್ದ ಹಳೆಯ ರೇಡಿಯೋದ ಹಲಗೆ. ಅದರ ಮೇಲಿನ ಟ್ರಾನ್ಸಿಸ್ಟರುಗಳನ್ನು ಬರಿಗಣ್ಣಿನಿಂದ ಎಣಿಸಬಹುದು, ಏಳಿವೆ. ಇನ್ನೊಂದು, ಕೆಟ್ಟುಹೋದ ಮೊಬೈಲ್ ಫೋನಿನಿಂದ ತೆಗೆದ, ಕಿರುಬೆರಳಿನ ಉಗುರಿನಷ್ಟಿರುವ ಚಿಪ್; ಅದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆಯೆಂದು ಅವನು ಹೇಳಿದ. ಎರಡನ್ನೂ ಮಹೋತ್ಸವದ ವಿಜ್ಞಾನ ಪ್ರದರ್ಶನದಲ್ಲಿ, ಭೂತಗನ್ನಡಿಯ ಸಮೇತ, ಏಳನೆಯ ತರಗತಿಯ ಕೋಣೆಯಲ್ಲಿ ಇಡಲಾಗಿದೆ. ಪಕ್ಕದಲ್ಲಿ ಕಿಲ್ಬಿ ಮತ್ತು ನಾಯ್ಸ್ ಇವರಿಬ್ಬರ ಹೆಸರುಗಳನ್ನೂ ಮಕ್ಕಳು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದು ಅಂಟಿಸಿದ್ದಾರೆ.